ಹನ್ನೆರಡನೇ ಜೊತೆ

ಒಂದು ಒಗಟು ಹೇಳ್ತೀನಿ, ಒಡೀರಿ ನೋಡೋಣ.

ಎರಡು ಇದೆ, ಎರಡೂ ಖಾಲಿ. ಹೋಗುವವನು ಬಂದೆ ಅಂದ, ಬಂದವಳು ಹೋಗಲಿಲ್ಲ. ಸರಿಯಬೇಕಾದದ್ದು ನಿಂತಿತು, ನಿಂತದ್ದು ಬೆಳೆಯಿತು. ಕೊನೆಗೆ ಬಟ್ಟೆಯ ಮೇಲೆ ಮೂರು ಗೆರೆ ಉಳಿಯಿತು. ಏನದು?

ಬೇಡ ಬಿಡಿ, ತಲೆ ಕೆರ್ಕೋಬೇಡಿ. ಇದು ನಿಮಗೆ ಬರಲ್ಲ, ನಿಮ್ಮ ಅಜ್ಜಿಗೂ ಬರಲ್ಲ. ಒಡೆಯೋಕೆ ಆಗದ ಒಗಟು ಹೇಳೋದು ಮೋಸ ಅಂತ ನನಗೂ ಗೊತ್ತು. ಆದರೆ ಮೋಸ ಬಿಟ್ಟರೆ ನನಗೆ ಚೆನ್ನಾಗಿ ಬರುತ್ತಿದ್ದದ್ದು ಇನ್ನೇನೂ ಇರಲಿಲ್ಲ. ಕೇಳಿ.

ಒಂದು ಊರು. ಊರಿಗೆ ಹೆಸರಿತ್ತು. ಬೋರ್ಡು ಬರೆಯುವವನು ಸಾಲಿನಲ್ಲಿ ನಿಂತಿದ್ದ, ಅವನ ಸರದಿ ಇನ್ನೂ ಬಂದಿರಲಿಲ್ಲ, ಅದಕ್ಕೇ ಬೋರ್ಡು ಖಾಲಿ. ಊರಿನ ನಡುವೆ ಆಟದ ಕೋಟೆ. ಕೋಟೆಯ ಸುತ್ತ ಊರು ಅಂದರೂ ಸರಿಯೇ. ಕೋಟೆಯೊಳಗೆ ಹನ್ನೆರಡು ಆಟ. ನೀರಿನ ಮೇಲಿಂದ ಜಾರುವ ಆಟ, ಗುಹೆಯೊಳಗೆ ಕಿರುಚುವ ಆಟ, ತಲೆಕೆಳಗಾಗಿ ನೇತಾಡುವ ಆಟ, ಗೊತ್ತಿಲ್ಲದವರಿಗೆ ಕಾರಿನಲ್ಲಿ ಬಂದು ಗುದ್ದುವ ಆಟ, ಹೀಗೆ. ಹನ್ನೆರಡು ಆಟಕ್ಕೆ ಹನ್ನೆರಡು ಬಾಗಿಲು. ಹನ್ನೆರಡು ಬಾಗಿಲಿಗೆ ಹನ್ನೆರಡು ಸಾಲು. ಸಾಲು ಅಂದರೆ ಸುಮ್ಮನೆ ಸಾಲಲ್ಲ. ಕಂಬಿಯ ನಡುವೆ ಸುತ್ತಿ, ಸುತ್ತಿದ ಮೇಲೆ ಇನ್ನೊಂದು ಸುತ್ತು ಸುತ್ತಿ, ತನ್ನ ಬಾಲವನ್ನ ತಾನೇ ನೋಡಿಕೊಂಡು ಮತ್ತೆ ತಿರುಗುವ ಸಾಲು. ಜನ ಅಲ್ಲೇ ಬುತ್ತಿ ಬಿಚ್ಚುತ್ತಿದ್ದರು, ಅಲ್ಲೇ ತಲೆ ಬಾಚುತ್ತಿದ್ದರು, ಅಲ್ಲೇ ಜಗಳ ಆಡಿ ಅಲ್ಲೇ ಬೀಗರಾಗುತ್ತಿದ್ದರು. ಆಟ ಒಂದು ಸಲ ಮುಗಿದರೆ ಬಾಗಿಲಲ್ಲಿ ಗಂಟೆ ಹೊಡೆಯುತ್ತಿತ್ತು. ಗಂಟೆ ಹೊಡೀತು, ಸಾಲು ಒಂದು ಹೆಜ್ಜೆ ಸರೀತು. ಗಂಟೆ ಹೊಡೀತು, ಸಾಲು ಒಂದು ಹೆಜ್ಜೆ ಸರೀತು. ಆ ಊರಿನಲ್ಲಿ ಕಾಲ ಅಂತ ಇದ್ದದ್ದು ಅಷ್ಟೇ. ಕ್ಯಾಲೆಂಡರ್ ಇರಲಿಲ್ಲ, ಹೆಜ್ಜೆ ಇತ್ತು.

ನಾನು ಆ ಊರಿನ ಚೇಷ್ಟೆಯವನು. ಪ್ರತಿ ಊರಿಗೂ ಒಬ್ಬ ಬೇಕಲ್ಲ, ಆ ಊರಿಗೆ ನಾನಿದ್ದೆ. ಎಲ್ಲರೂ ಕಾಯುವ ಊರಿನಲ್ಲಿ ಕಾಯದೆ ಇರೋದು ಹೇಗೆ ಅಂತ ಕಂಡುಹಿಡಿಯೋದೇ ನನ್ನ ಕೆಲಸ. ಕೋಟೆಯ ಬಾಗಿಲು ತೆಗೆದ ಕೂಡಲೇ ಜನ ಬಲಕ್ಕೆ ಓಡುತ್ತಾರೆ, ನಾನು ಎಡಕ್ಕೆ ಓಡುತ್ತಿದ್ದೆ. ಜನ ಮೊದಲನೇ ಆಟದಿಂದ ಶುರು ಮಾಡುತ್ತಾರೆ, ನಾನು ಕೊನೆಯದರಿಂದ. ಜನ ಉಣ್ಣುವಾಗ ಆಡುತ್ತಿದ್ದೆ, ಜನ ಆಡುವಾಗ ಉಣ್ಣುತ್ತಿದ್ದೆ. ಎರಡು ಹನಿ ಬಿದ್ದರೆ ಜನ ತಲೆ ಮೇಲೆ ಸೆರಗು ಟವೆಲ್ಲು ಹಾಕಿಕೊಂಡು ಚದುರುತ್ತಾರೆ, ಅದೇ ಹೊತ್ತಿಗೆ ನುಗ್ಗುತ್ತಿದ್ದೆ. ಸಂಸಾರ ಕಟ್ಟಿಕೊಂಡು ಬಂದವರು ಜೊತೆಗೇ ಕೂರಬೇಕು ಅಂತ ಹಟ ಹಿಡಿದಾಗ ಮೂಲೆಯಲ್ಲಿ ಒಂದು ಸೀಟು ಖಾಲಿ ಉಳಿಯುತ್ತೆ. ನಾನು ಒಬ್ಬನೇ ಇದೀನಿ ಅಂತ ಪಾಪದ ಮುಖ ಮಾಡಿ ಅಲ್ಲಿ ಕೂತುಬಿಡುತ್ತಿದ್ದೆ. ಇವೆಲ್ಲ ಸಣ್ಣ ಚೇಷ್ಟೆ. ಯಾರಿಗೂ ನೋವಾಗದ್ದು. ದೊಡ್ಡದು ಮುಂದೆ ಬರುತ್ತೆ.

ಆ ಊರಿಗೆ ಒಂದೇ ಒಂದು ಕಾನೂನು. ಸಾಲಿನಲ್ಲಿ ನಿಂತವನಿಗೆ ಬಾಯಾರುತ್ತೆ, ಇನ್ನೊಂದು ಬರುತ್ತೆ, ಹೋಗಲೇಬೇಕಾಗುತ್ತೆ. ಹೋಗುವವನು ಚಪ್ಪಲಿ ಬಿಟ್ಟು, ಹಿಂದೆ ನಿಂತವರ ಮುಖ ನೋಡಿ, 'ನನ್ನ ಜಾಗ ನೋಡ್ಕೊಳ್ಳಿ, ಈಗ ಬಂದೆ' ಅನ್ನಬೇಕು. ಅಂದ ಮೇಲೆ ಆ ಚಪ್ಪಲಿ ಒಂದು ಆಳಿಗೆ ಸಮ. ಗಂಟೆ ಹೊಡೆದಾಗ ಹಿಂದಿನವರು ಕಾಲಿನ ಹೆಬ್ಬೆರಳಿನಿಂದ ಚಪ್ಪಲಿಯನ್ನ ಒಂದು ಹೆಜ್ಜೆ ಮುಂದೆ ತಳ್ಳಿ, ಆಮೇಲೆ ತಾವು ಸರಿಯಬೇಕು. ಅದನ್ನ ದಾಟಬಾರದು, ಕಾಲಿಗೆ ಹಾಕಬಾರದು, ಬಿಸಾಡಬಾರದು. ಚಪ್ಪಲಿ ಬಾಗಿಲಿಗೆ ಬಂದಾಗ ಚಪ್ಪಲಿಯವನು ಬಂದಿಲ್ಲದಿದ್ದರೆ ಬಾಗಿಲು ಅವನಿಗಾಗಿ ಕಾಯುತ್ತೆ. ಹಿಂದಿನವರೂ ಕಾಯಬೇಕು.

ಯಾಕೆ ಹೀಗೆ ಅಂತ ಕೇಳಿದರೆ, ಹಿಂದೆ ಯಾವಾಗಲೋ ಹಿರಿಯರು ಅರಳಿಕಟ್ಟೆ ಮೇಲೆ ಕೂತು ವಾದ ಮಾಡಿದ್ದರಂತೆ. ಹೋಗುವವನು ಬರ್ತೀನಿ ಅನ್ನಲ್ಲ, ಬಂದೆ ಅಂತಾನೆ. ಬರ್ತೀನಿ ಅಂದಿದ್ದರೆ ಬರಬಹುದು, ಬರದೆ ಇರಬಹುದು. ಬಂದೆ ಅಂದರೆ ಬಂದಾಯಿತಲ್ಲ. ಬಂದಾದವನನ್ನ ಬಂದಿಲ್ಲ ಅನ್ನೋಕೆ ನಾವು ಯಾರು ಅಂತ ಕೇಳಿದರಂತೆ. ಅದೇ ಕಾನೂನಾಯಿತು.

ಈ ವ್ಯಾಕರಣ ನನಗೆ ಚೆನ್ನಾಗಿ ಗೊತ್ತಿತ್ತು. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಭೂತಕಾಲದ ಪಾಠ ಮಾಡುವಾಗ ನನ್ನನ್ನ ಹೊರಗೆ ನಿಲ್ಲಿಸಿದ್ದರು, ಕಿಟಕಿಯಿಂದ ಕೇಳಿಸಿಕೊಂಡೆ. ಭವಿಷ್ಯತ್ಕಾಲದ ಪಾಠ ಮಾಡುವಾಗ ಮನೆಗೇ ಕಳಿಸಿದರು. ಅದಕ್ಕೇ ಅದು ನನಗೆ ಬರಲಿಲ್ಲ.

ಒಂದು ಮುಹೂರ್ತದ ದಿನ ಛತ್ರದ ಬಾಗಿಲಲ್ಲಿ ನೂರಾರು ಜೊತೆ ಚಪ್ಪಲಿ ಬಿದ್ದಿದ್ದವು. ಒಳಗೆ ಗಟ್ಟಿಮೇಳ. ನೋಡುತ್ತಾ ನಿಂತೆ. ಒಂದು ಜೊತೆ ಚಪ್ಪಲಿ ಒಂದು ಆಳಾದರೆ ಹನ್ನೆರಡು ಜೊತೆ ಹನ್ನೆರಡು ಆಳು. ಹನ್ನೆರಡು ಆಳು ಅಂದರೆ ಹನ್ನೆರಡು ಸಾಲಿನಲ್ಲಿ ಒಂದೇ ಸಲ ನಾನು. ಸೀರೆ ಉಟ್ಟವರ ಎತ್ತರದ ಚಪ್ಪಲಿ, ಬೀಗರ ಚರ್ಮದ ಚಪ್ಪಲಿ, ಭಟ್ಟರದು ಅಂತ ಕಂಡ ಒಂದು ಜೊತೆ, ಹೀಗೆ ಹನ್ನೆರಡು ಆರಿಸಿ ಚೀಲಕ್ಕೆ ತುಂಬಿಕೊಂಡೆ. ಹನ್ನೆರಡು ಜನ ಬರಿಗಾಲಲ್ಲಿ ಮನೆಗೆ ಹೋದರು. ಹನ್ನೆರಡನೆಯದು ಯಾರದೋ ಹಳೇ ಹವಾಯಿ, ಬಲಗಾಲಿನ ಉಂಗುಟ ಅರ್ಧ ಕಿತ್ತಿತ್ತು. ಅದನ್ನ ಕಳಕೊಂಡವರು ಅಂಥ ಬೇಜಾರೇನೂ ಮಾಡಿಕೊಂಡಿರಲಾರರು.

ಒಂದೊಂದು ಸಾಲಿನ ಬಾಲಕ್ಕೂ ಹೋದೆ. ನಿಂತೆ, ಹಿಂದೆ ಯಾರಾದರೂ ಬರುವ ತನಕ ಕಾದೆ, ಚಪ್ಪಲಿ ಬಿಟ್ಟೆ, ಈಗ ಬಂದೆ ಅಂದೆ. ಹನ್ನೊಂದು ಸಾಲಿನಲ್ಲಿ ಹನ್ನೊಂದು ಸಲ ಅಂದೆ. ಚೀಲದಲ್ಲಿ ಹವಾಯಿ ಒಂದು ಉಳಿಯಿತು. ಉಳಿದ ಆಟವೂ ಒಂದೇ. ಮೋಡದ ತೊಟ್ಟಿಲು.

ಮೋಡದ ತೊಟ್ಟಿಲಿನ ವಿಷಯ ಹೇಳಬೇಕು. ಅದು ಸಣ್ಣ ಮಕ್ಕಳ ಆಟ. ಬಾಗಿಲ ಕಂಬದ ಮೇಲೆ ಒಂದು ಕೆಂಪು ಗೆರೆ. ತಲೆ ಆ ಗೆರೆಗೆ ತಾಗಿದರೆ ಮುಗೀತು, ಜನ್ಮದಲ್ಲಿ ಹತ್ತಿಸಲ್ಲ. ಹತ್ತಿದ ಮಗುವನ್ನ ತೊಟ್ಟಿಲು ಮೋಡದ ತನಕ ತೂಗಿ ಒಂದೇ ಸಲಕ್ಕೆ ಕೆಳಗೆ ಬಿಡುತ್ತೆ. ಆಗ ಹೊಟ್ಟೆಯೊಳಗೆ ಜುಂ ಅನ್ನುತ್ತೆ. ಆ ಜುಂ ಹೋಗಲ್ಲ, ಒಳಗೇ ಉಳಿಯುತ್ತೆ. ದೊಡ್ಡವರಾದ ಮೇಲೆ, ಏನೂ ಬೇಡ ಅನಿಸಿದ ದಿನ, ಹೊಟ್ಟೆ ಮೇಲೆ ಕೈ ಇಟ್ಟುಕೊಂಡರೆ ಇನ್ನೂ ಸಣ್ಣಗೆ ಜುಂ ಅನ್ನುತ್ತಿರುತ್ತೆ. ಆ ಊರಿನಲ್ಲಿ ಜನ ಎರಡೇ ಜಾತಿ, ಕೈ ಇಟ್ಟುಕೊಂಡರೆ ಸಿಗುವವರು, ಸಿಗದವರು. ನಾನು ಏಳು ಸಲ ಹತ್ತಿದವನು. ಏಳು ಸಲವೂ ಯಾರದೋ ಸಂದಿಯಲ್ಲಿ ನುಸುಳಿ. ಗೆರೆ ದಾಟಿ ಆಗಲೇ ಎಷ್ಟೋ ದಿನ ಆಗಿತ್ತು, ನನಗೆ ಆ ಸಾಲಿನಲ್ಲಿ ಏನೂ ಕೆಲಸ ಇರಲಿಲ್ಲ. ಹನ್ನೆರಡು ಅನ್ನುವ ಲೆಕ್ಕ ತುಂಬಲಿ ಅಂತ ಹೋಗಿ ನಿಂತೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ಹುಡುಕಿ ಸೋತಿದೀನಿ.

ನಾನು ನಿಂತ ಮೇಲೆ ಹಿಂದೆ ಒಬ್ಬಳು ಬಂದು ನಿಂತಳು. ತಲೆ ಮೇಲೆ ಬಟ್ಟೆಯ ಗಂಟು, ಕೈಯಲ್ಲಿ ಮಗಳು. ಗಂಟಿನಕ್ಕ ಅಂತಲೇ ಕರೆಯೋಣ. ಎಷ್ಟು ದೂರದಿಂದ ಬಂದಿದ್ದಳೋ, ಕಾಲಿನ ಬಣ್ಣ ಮಂಡಿಯ ತನಕ ಬೇರೆ, ಮೇಲೆ ಬೇರೆ ಆಗಿತ್ತು. ಮಗಳಿಗೆ ನೀಲಿ ಲಂಗ. ಲಂಗದ ಕೆಳಗೆ ಮೂರು ಮಡಿಕೆ ಹಾಕಿ ಹೊಲಿದಿದ್ದಳು, ಬೆಳೆದ ಹಾಗೆ ಒಂದೊಂದೇ ಬಿಚ್ಚಿ ಇಳಿಸೋಕೆ.

ಅಷ್ಟರಲ್ಲಿ ಕೋಲಜ್ಜ ಬಂದ. ಕೋಲಜ್ಜ ಅಂದರೆ ತೊಟ್ಟಿಲಿನ ಅಳತೆಯವನು. ಅವನ ಹತ್ತಿರ ಒಂದು ಬಿದಿರಿನ ಕೋಲು, ಕೋಲಿನ ಮೇಲೂ ಕೆಂಪು ಗೆರೆ. ಪ್ರತಿ ಮಗುವನ್ನ ಎರಡೇ ಸಲ ಅಳೆಯುತ್ತಿದ್ದ, ಸಾಲಿಗೆ ಸೇರಿದಾಗ ಒಂದು ಸಲ, ಬಾಗಿಲು ತೆರೆದಾಗ ಒಂದು ಸಲ. ಮಗಳ ಪಕ್ಕ ಕೋಲು ನಿಲ್ಲಿಸಿ, ತಲೆಗೂ ಗೆರೆಗೂ ನಡುವೆ ಬೆರಳು ಜೋಡಿಸಿ ನೋಡಿದ. ನಾಲ್ಕು ಬೆರಳು ಇತ್ತು. ಸಾಲು ನೆಟ್ಟಗೆ ಸರಿದರೆ ಬಾಗಿಲಿಗೆ ಬರುವ ಹೊತ್ತಿಗೆ ಮೂರು ಬೆರಳು ಉಳಿದಿರುತ್ತೆ, ಧಾರಾಳ ಆಯ್ತು ಅಂದ. ಗಂಟಿನಕ್ಕ ಗಂಟು ಇಳಿಸಿ ಉಸಿರು ಬಿಟ್ಟಳು.

ಆಮೇಲೆ ಕೋಲಜ್ಜ ನನ್ನ ಕಡೆ ತಿರುಗಿದ.

"ನೀನ್ಯಾಕೋ ಇಲ್ಲಿ, ತೆಂಗಿನಮರ?"

ತಂಗಿಗೆ ಜಾಗ ಹಿಡೀತಿದೀನಿ ಅಜ್ಜಾ ಅಂದೆ. ನನಗೆ ತಂಗಿ ಇಲ್ಲ. ಬಾಯಿಗೆ ಬಂತು, ಅಂದೆ. ಅಜ್ಜ ಕೋಲು ಕುಟ್ಟುತ್ತಾ ಹೋದ. ಗಂಟಿನಕ್ಕ ಮಾತ್ರ ನನ್ನ ಮುಖವನ್ನ ಒಂದು ಗಳಿಗೆ ಬೇರೆ ಥರ ನೋಡಿದಳು. ತಂಗಿಗೆ ಅಂತ ಇಷ್ಟು ಉದ್ದದ ಸಾಲಿನಲ್ಲಿ ನಿಲ್ಲೋ ಅಣ್ಣ ಇರೋದು ದೊಡ್ಡದು ಅಂದಳು. ತನಗೆ ಹಾಗೆ ಯಾರೂ ಇರಲಿಲ್ಲವಂತೆ. ಚಿಕ್ಕವಳಿದ್ದಾಗ ಇದೇ ತೊಟ್ಟಿಲಿಗೆ ಬಂದು ನಿಂತಿದ್ದಳಂತೆ, ಸರದಿ ಬರುವ ಹೊತ್ತಿಗೆ ಗೆರೆ ದಾಟಿಹೋಗಿತ್ತಂತೆ. ಹೇಳುವಾಗ ಒಂದು ಕೈ ಹೊಟ್ಟೆಯ ಮೇಲೆ ಹೋಯಿತು, ಅಲ್ಲೇನೂ ಸಿಗದೆ ಇಳಿಯಿತು.

"ನಂದು ತಪ್ಪಿಹೋಯ್ತು ತಮ್ಮಾ. ಇವಳದು ತಪ್ಪಬಾರದು."

ಮಗಳಿಗೆ ಇದೆಲ್ಲ ಬೇಕಿರಲಿಲ್ಲ. ಅವಳ ಕಣ್ಣು ನಾನು ಚೀಲದಿಂದ ತೆಗೆದು ಕೆಳಗಿಟ್ಟ ಹವಾಯಿ ಮೇಲಿತ್ತು. ನಿನ್ನ ತಂಗಿ ನನ್ನಷ್ಟು ಇದಾಳಾ ಅಂತ ಕೇಳಿದಳು. ನಿನಗಿಂತ ಕುಳ್ಳಿ, ಬರೀ ಜಗಳಗಂಟಿ ಅಂದೆ. ಹಾಗಾದರೆ ತೊಟ್ಟಿಲಿನಲ್ಲಿ ಅವಳ ಪಕ್ಕ ನಾನು ಕೂರ್ತೀನಿ, ಹೆದರಿದರೆ ಹಿಡ್ಕೋತೀನಿ ಅಂದಳು. ಆಮೇಲೆ ಹಾಕ್ಕೊಳ್ಳಲಾ ಅಂತ ಕೇಳಿ, ನಾನು ಹೂಂ ಅಂದ ಮೇಲೆ, ಚಪ್ಪಲಿಯೊಳಗೆ ಕಾಲಿಟ್ಟಳು. ಅವಳ ಹಿಮ್ಮಡಿ ಚಪ್ಪಲಿಯ ಅರ್ಧಕ್ಕೂ ಬರಲಿಲ್ಲ. ದೋಣಿ ದೋಣಿ ಅಂತ ನಾಲ್ಕು ಹೆಜ್ಜೆ ಎಳೆದುಕೊಂಡು ಓಡಾಡಿ, ವಾಪಸ್ಸು ತಂದು ಜೋಡಿಸಿ ಇಟ್ಟಳು, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ.

ಆಗ ಹೇಳಿಬಿಡಬೇಕಿತ್ತು. ಅಕ್ಕಾ, ನಾನು ಚೇಷ್ಟೆಗೆ ನಿಂತವನು, ನೀವು ಮುಂದೆ ಹೋಗಿ ಅಂತ. ಬಾಯಿ ತೆಗೆದೆ. ಬಂದದ್ದು ಅಭ್ಯಾಸದ ಮಾತು.

"ನನ್ನ ಜಾಗ ನೋಡ್ಕೊಳ್ಳಿ ಅಕ್ಕಾ, ಈಗ ಬಂದೆ."

"ಹೋಗಿ ಬಾ ತಮ್ಮಾ. ನಾನಿಲ್ಲೇ ಇರ್ತೀನಿ."

ಗಂಟೆ ಹೊಡೀತು. ತಿರುಗಿ ನೋಡಿದಾಗ ಅವಳ ಹೆಬ್ಬೆರಳು ನನ್ನ ಚಪ್ಪಲಿಯನ್ನ ಒಂದು ಹೆಜ್ಜೆ ಮುಂದೆ ತಳ್ಳುತ್ತಿತ್ತು. ಮೆತ್ತಗೆ, ಮಲಗಿದ ಮಗುವನ್ನ ಪಕ್ಕಕ್ಕೆ ಸರಿಸುವ ಹಾಗೆ.

ಆಮೇಲೆ ನಾನು ಮರೆತೆ. ಹನ್ನೊಂದು ಆಟ ಅಂದರೆ ಸುಮ್ಮನೇನಾ? ಒಂದರಲ್ಲಿ ಜಾರುತ್ತಿರುವಾಗ ಇನ್ನೊಂದರಲ್ಲಿ ನನ್ನ ಚಪ್ಪಲಿ ಬಾಗಿಲಿಗೆ ಬಂದಿರುತ್ತಿತ್ತು. ಒದ್ದೆ ಬಟ್ಟೆಯಲ್ಲೇ ಓಡಿ ಹೋಗಿ ಗುಹೆಯಲ್ಲಿ ಕಿರುಚುತ್ತಿದ್ದೆ. ಕಿರುಚಿದ ಬಾಯಿ ಮುಚ್ಚುವ ಮೊದಲೇ ತಲೆಕೆಳಗಾಗಿ ನೇತಾಡುತ್ತಿದ್ದೆ. ಇಳಿದು ಮತ್ತೆ ಬಾಲಕ್ಕೆ ಹೋಗಿ ಚಪ್ಪಲಿ ಬಿಟ್ಟು ಮತ್ತೆ ಬಂದೆ ಅನ್ನುತ್ತಿದ್ದೆ. ಜನ ನೋಡಿದರು. ಬೆರಗಾದರು. ಏನು ಮಾಯ ಗುರುವೇ ಅಂತ ಸುತ್ತ ನಿಂತರು. ಹೇಳಿಕೊಡದೆ ಇದ್ದರೆ ಚೇಷ್ಟೆಗೆ ಏನು ಬೆಲೆ? ಎಡಕ್ಕೆ ಓಡೋದು ಹೇಳಿಕೊಟ್ಟೆ. ಊಟದ ಹೊತ್ತು ಹೇಳಿಕೊಟ್ಟೆ. ಹನಿ ಬಿದ್ದಾಗ ನುಗ್ಗೋದು ಹೇಳಿಕೊಟ್ಟೆ. ಕೊನೆಗೆ ಚಪ್ಪಲಿಯದ್ದೂ ಹೇಳಿಕೊಟ್ಟೆ.

ಊರಿಗೆ ಊರೇ ಚಪ್ಪಲಿ ಬಿಟ್ಟಿತು. ಒಬ್ಬೊಬ್ಬರು ಹತ್ತು ಹನ್ನೆರಡು ಜೊತೆ ಇಟ್ಟು ಹೋದರು. ಸಾಲಿನಲ್ಲಿ ಚಪ್ಪಲಿಯ ಹಿಂದೆ ಚಪ್ಪಲಿ, ಅದರ ಹಿಂದೆ ಇನ್ನೊಂದು ಚಪ್ಪಲಿ. ತಳ್ಳೋಕೆ ಹೆಬ್ಬೆರಳು ಎಲ್ಲಿದೆ? ಗಂಟೆ ಹೊಡೀತು, ಸಾಲು ಸರಿಯಲಿಲ್ಲ. ಗಂಟೆ ಹೊಡೀತು, ಸಾಲು ಸರಿಯಲಿಲ್ಲ. ಆಟಗಳು ಖಾಲಿ ಸೀಟುಗಳನ್ನ ತಿರುಗಿಸಿ ತಿರುಗಿಸಿ ಕೆಳಗಿಳಿಸಿದವು. ಜನ ಬರಿಗಾಲಲ್ಲಿ ಕೋಟೆಯೆಲ್ಲ ತುಂಬಿಕೊಂಡು, ಎದುರಿಗೆ ಸಿಕ್ಕವರಿಗೆಲ್ಲ ಈಗ ಬಂದೆ, ಈಗ ಬಂದೆ ಅನ್ನುತ್ತಾ ಓಡಾಡಿದರು. ಎಲ್ಲರೂ ಎಲ್ಲ ಕಡೆಗೂ ಬಂದಿದ್ದರು, ಯಾರೂ ಎಲ್ಲೂ ಇರಲಿಲ್ಲ. ನನಗೆ ನಗು ಬಂತು. ಇಷ್ಟು ದೊಡ್ಡ ಚೇಷ್ಟೆ ಯಾರೂ ಮಾಡಿಲ್ಲ ಅಂತ ಕಲ್ಲು ಬೆಂಚಿನ ಮೇಲೆ ಕಾಲು ಚಾಚಿ ಕೂತುಕೊಂಡೆ.

ಅಲ್ಲಿಗೆ ಚುರುಮುರಿ ಅಮ್ಮ ಬಂದಳು. ಬುಟ್ಟಿ ಹೊತ್ತು ಸಾಲುಗಳ ಉದ್ದಕ್ಕೂ ಚುರುಮುರಿ ಮಾರುವವಳು, ಈಗ ಸಾಲಿನಲ್ಲಿ ಕೊಳ್ಳುವವರೇ ಇಲ್ಲ. ಬುಟ್ಟಿ ಇಳಿಸಿ, ಚಪ್ಪಲಿ ಚುರುಮುರಿ ತಿನ್ನುತ್ತೇನೋ ಅಂತ ನನ್ನನ್ನೇ ಬೈದಳು. ಕೋಟೆಯಲ್ಲಿ ಸ್ವಂತ ಕಾಲ ಮೇಲೆ ನಿಂತಿರೋಳು ಒಬ್ಬಳೇ ಉಳಿದಿದಾಳೆ, ತೊಟ್ಟಿಲ ಬಾಗಿಲಲ್ಲಿ, ಅವಳೂ ಮುಂದೆ ಹೋಗೋ ಹಾಗಿಲ್ಲ ಅಂದಳು. ಮುಂದೆ ಯಾವನದೋ ಚಪ್ಪಲಿಯಂತೆ. ಬಾಗಿಲಿಗೆ ಬಂದು ಎಷ್ಟೋ ಗಂಟೆ ಹೊಡೆದುಹೋಯಿತಂತೆ, ಅವನ ಸುಳಿವಿಲ್ಲವಂತೆ. ಹಿಂದಿದ್ದವರು ಬೈದು, ಅತ್ತು, ಒಬ್ಬೊಬ್ಬರೇ ಬಿಟ್ಟು ಹೋದರಂತೆ.

ಎಂಥಾ ಪೆದ್ದಿ ಅಂತ ನಕ್ಕೆ. ಒದ್ದು ಬಿಸಾಕೋದಲ್ವಾ ಅಂದೆ.

"ನಾನೂ ಅದನ್ನೇ ಅಂದೆ ಕಣೋ. ಕೇಳಿದರೆ ತಾನೇ. ತಂಗಿಗೆ ಅಂತ ಜಾಗ ಹಿಡಿದ ಹುಡುಗ, ಬಂದೆ ಅಂದಿದಾನೆ, ಬರ್ತಾನೆ ಅಂತಾಳೆ. ತಂಗಿಗೇನೋ ಹುಷಾರಿಲ್ಲ, ಅದಕ್ಕೇ ತಡ ಆಗಿದೆ ಅಂತ ಅವಳೇ ಲೆಕ್ಕ ಹಾಕಿಕೊಂಡಿದಾಳೆ. ಆ ಹುಡುಗಿ ಹೆಸರಲ್ಲಿ ಹರಕೆ ಬೇರೆ ಕಟ್ಟಿಕೊಂಡಿದಾಳೆ."

ನಗು ಅಲ್ಲೇ ನಿಂತಿತು. ಚಪ್ಪಲಿ ಎಂಥದ್ದು ಅಂತ ಕೇಳಿದೆ. ಹವಾಯಿ ಅಂದಳು. ಒಂದರ ಉಂಗುಟ ಪೂರ್ತಿ ಕಿತ್ತುಹೋಗಿತ್ತಂತೆ, ಹುಡುಗ ಬಂದರೆ ಹೇಗೆ ನಡೀತಾನೆ ಅಂತ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಬಗ್ಗಿ ಹಾಕಿದಳಂತೆ.

ಮಗಳ ಲಂಗ ಎಂಥದ್ದು ಅಂತ ಕೇಳಿದೆ.

"ನೀಲಿ. ಎರಡು ಮಡಿಕೆ ಬಿಚ್ಚಾಯ್ತು. ಒಂದಿದೆ ಇನ್ನೂ."

ಒಂದಿದೆ ಇನ್ನೂ. ಅಷ್ಟು ಸಾಕಿತ್ತು. ಬೆಂಚಿನಿಂದ ಹಾರಿ ಓಡಿದೆ.

ಕೋಟೆಯ ದಾರಿಯೆಲ್ಲ ನನಗೆ ಅಂಗೈ ಇದ್ದ ಹಾಗೆ. ಜನ ಎಲ್ಲಿ ಇರಲ್ಲ ಅಂತ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಎಡಕ್ಕೆ ತಿರುಗಿದೆ, ಎಡಕ್ಕೇ ಎಲ್ಲರೂ ಇದ್ದರು. ನಾನೇ ಹೇಳಿಕೊಟ್ಟಿದ್ದೆ. ಊಟದ ಹೊತ್ತು ಬರಲಿ, ದಾರಿ ಖಾಲಿಯಾಗುತ್ತೆ ಅಂದುಕೊಂಡೆ. ಊಟದ ಹೊತ್ತು ಬಂತು, ಯಾರೂ ಉಣ್ಣೋಕೆ ಕೂರಲಿಲ್ಲ. ಎರಡು ಹನಿ ಬಿತ್ತು, ಯಾರೂ ಚದುರಲಿಲ್ಲ, ಇನ್ನಷ್ಟು ಜನ ನುಗ್ಗಿದರು. ನಾನು ಒಬ್ಬನೇ ಇದೀನಿ, ದಾರಿ ಬಿಡಿ ಅಂದೆ. ನಾವೂ ಒಬ್ಬೊಬ್ಬರೇ ಅಂದರು. ಗುರುತು ಹಿಡಿದವರು ಕೈ ಹಿಡಿದು ಎಳೆದರು, ಹೊಸದೇನಾದರೂ ಹೇಳಿಕೊಡು ಗುರುವೇ ಅಂದರು. ಬಿಡಿಸಿಕೊಳ್ಳೋಕೆ ನನಗೆ ಗೊತ್ತಿದ್ದ ಮಾತು ಒಂದೇ. ಈಗ ಬಂದೆ ಅಂದೆ. ಎಳೆದವರಿಗೆಲ್ಲ ಅಂದೆ. ಅವರೆಲ್ಲ ಅಲ್ಲಲ್ಲೇ ನನಗಾಗಿ ನಿಂತರು, ನಿಂತವರಿಂದ ದಾರಿ ಇನ್ನಷ್ಟು ಕಟ್ಟಿಕೊಂಡಿತು.

ಕಂಬಿ ಹಾರಿದೆ. ಕಾಲಿನ ಸಂದಿಯಲ್ಲಿ ತೂರಿದೆ. ದೂರದಲ್ಲಿ ತೊಟ್ಟಿಲಿನ ಗಂಟೆ ಕೇಳುತ್ತಿತ್ತು. ಗಂಟೆ ಹೊಡೀತು, ನಾನು ಒಂದು ಹೆಜ್ಜೆ ಸರಿದೆ. ಗಂಟೆ ಹೊಡೀತು, ನಾನು ಒಂದು ಹೆಜ್ಜೆ ಸರಿದೆ. ಕಾಯೋದು ಅಂದರೆ ಏನು ಅಂತ ಜೀವನದಲ್ಲಿ ಮೊದಲನೇ ಸಲ ಗೊತ್ತಾಯಿತು. ಓಡುತ್ತಿದ್ದವನಿಗೆ ಅಂಗಿಯ ತೋಳು ಗಿಡ್ಡವಾಯಿತು, ಮೂಗಿನ ಕೆಳಗೆ ಮೀಸೆ ಕಪ್ಪಾಯಿತು. ನನಗೇ ಇಷ್ಟು ಆದರೆ ಬೆಳೆಯೋ ಮಗುವಿಗೆ ಎಷ್ಟಾಗಿರಬೇಕು ಅಂತ ನೆನೆದಾಗ ಓಟ ನಿಧಾನವಾಯಿತು.

ಕೊನೆಗೂ ತೊಟ್ಟಿಲ ಬಾಗಿಲಿಗೆ ಬಂದೆ.

ಅವಳು ನಿಂತಿದ್ದಳು. ಗಂಟು ಕಾಲ ಹತ್ತಿರ, ಮಗಳು ಪಕ್ಕದಲ್ಲಿ. ಮಗಳ ಕಾಲಲ್ಲಿ ನನ್ನ ಹವಾಯಿ. ಕಾಯ್ದು ಕಾಯ್ದು ಸಾಕಾಗಿ ಹಾಕಿಕೊಂಡುಬಿಟ್ಟಿದ್ದಳು, ಈಗ ಹಿಮ್ಮಡಿ ಸರಿಯಾಗಿ ಹಿಂದಿನ ಅಂಚಿಗೆ ಬಂದಿತ್ತು. ಗಂಟಿನಕ್ಕ ನನ್ನ ನೋಡಿ ಬೈಯಲಿಲ್ಲ. ಬಂದ್ಯಾ ತಮ್ಮಾ ಅಂದಳು. ಮಗಳ ಕಡೆ ತಿರುಗಿ, ಹೇಳಿರಲಿಲ್ವೇನೇ ನಾನು ಅಂದಳು. ತಂಗಿ ಹೇಗಿದಾಳೆ ಅಂತ ಕೇಳಿದಳು. ನನಗೆ ತಂಗಿ ಇಲ್ಲ ಅಕ್ಕಾ ಅಂದೆ. ಅವಳು, ಹೋಗಲಿ ಬಿಡು, ಯಾರಿಗೂ ಹುಷಾರು ತಪ್ಪಿಲ್ಲ ಅಂದಂಗಾಯ್ತು ಅಂದಳು.

ಬಾಗಿಲು ತೆರೆಯಿತು. ಕೋಲಜ್ಜ ಕೋಲು ತಂದು ಮಗಳ ಪಕ್ಕ ನಿಲ್ಲಿಸಿದ. ತಲೆ ಗೆರೆಗಿಂತ ಒಂದು ಬೆರಳು ಮೇಲಿತ್ತು. ಕೋಲಜ್ಜ ಗೆರೆ ನೋಡಿದ, ಮಗಳ ಮುಖ ನೋಡಿದ, ಆಮೇಲೆ ಕೆಳಗೆ ಕಾಲು ನೋಡಿದ.

"ಚಪ್ಪಲಿ ಬಿಡು ಮಗಾ."

ಮಗಳು ಚಪ್ಪಲಿ ಬಿಟ್ಟು ನೆಲದ ಮೇಲೆ ನಿಂತಳು. ಹವಾಯಿ ಚಪ್ಪಲಿಯ ದಪ್ಪ ಒಂದು ಬೆರಳು, ಅದರ ಮೇಲೆ ಒಂದು ಕೂದಲೆಳೆ. ತಲೆ ಗೆರೆಯ ಕೆಳಗೆ ಬಂತು. ಕೋಲಜ್ಜ ಕೋಲು ಎತ್ತಿ ದಾರಿ ಬಿಟ್ಟ. ಅವಳು ಬರಿಗಾಲಲ್ಲಿ ಓಡಿ ತೊಟ್ಟಿ‌ಲು ಹತ್ತಿದಳು. ತೊಟ್ಟಿಲು ಮೇಲೆ ಹೋಯಿತು, ಮೋಡ ಮುಟ್ಟಿತು, ಒಂದೇ ಸಲಕ್ಕೆ ಕೆಳಗೆ ಬಂತು. ಮೇಲಿಂದ ಅವಳ ಕೂಗು ಕೇಳಿದಾಗ ಕೆಳಗೆ ನಿಂತ ಗಂಟಿನಕ್ಕನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು, ಈ ಸಲ ಅಲ್ಲೇ ನಿಂತಿತು. ಕೊನೇ ಮಡಿಕೆ ಬಿಚ್ಚಲೇ ಇಲ್ಲ. ಕಥೆ ಮುಗೀತು.

ಚೆನ್ನಾಗಿದೆ ಅಲ್ವಾ? ಚಪ್ಪಲಿಯ ದಪ್ಪ ಒಂದು ಬೆರಳು ಅನ್ನೋದು ನಿಜ. ಅಳೆದು ನೋಡಿದೀನಿ. ಕೊನೆ ಕಟ್ಟೋಕೆ ಅಷ್ಟೇ ಸಾಕಾಯಿತು.

ಉಳಿದದ್ದು ನಾನು ಕಟ್ಟಿದ್ದು. ಓಟ ನಿಧಾನವಾಯಿತು ಅಂದೆನಲ್ಲ, ಅಲ್ಲಿಯ ತನಕ ನಡೆದದ್ದು. ನಾನು ಬಾಗಿಲಿಗೆ ಹೋಗಲಿಲ್ಲ. ಬಾಗಿಲಿಗಿಂತ ಸ್ವಲ್ಪ ಹಿಂದೆ ಒಂದು ಕಂಬ ಇದೆ, ಅದರ ಮರೆಯಲ್ಲಿ ನಿಂತು ನೋಡಿದೆ. ಚಪ್ಪಲಿ ಬಾಗಿಲ ಮುಂದೆ ಜೋಡಿಸಿಟ್ಟ ಹಾಗೇ ಇತ್ತು, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಪಿನ್ನು ಬಿಸಿಲಿಗೆ ಹೊಳೆಯುತ್ತಿತ್ತು. ಅದರೊಳಗೆ ಯಾರ ಕಾಲೂ ಇರಲಿಲ್ಲ. ಆ ಮಗು ನಾನಿಲ್ಲದಾಗ ಒಂದು ಸಲವೂ ಅದನ್ನ ಹಾಕಿಕೊಂಡಿರಲಿಲ್ಲ. ಕಾನೂನು ಗೊತ್ತಿದ್ದ ಮಗು. ಬರಿಗಾಲಲ್ಲಿ ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದಳು. ಲಂಗದಲ್ಲಿ ಮಡಿಕೆ ಇರಲಿಲ್ಲ, ಬಿಚ್ಚಿದ ಕಡೆ ಮೂರು ಗೆರೆ ಮಾತ್ರ ಬಣ್ಣ ಮಾಸದೆ ಕಾಣುತ್ತಿತ್ತು. ಕಂಬದ ಮೇಲಿನ ಕೆಂಪು ಗೆರೆಯನ್ನ ಹುಡುಕಿದೆ. ಅದು ಅವಳ ಭುಜದ ಹತ್ತಿರ ಇತ್ತು.

ಗಂಟಿನಕ್ಕ ಆ ಕಡೆ ನೋಡುತ್ತಿರಲಿಲ್ಲ. ಅವಳು ದಾರಿ ನೋಡುತ್ತಿದ್ದಳು.

ನಾನು ಅಲ್ಲಿಗೆ ಹೋಗಿ, ಬಂದೆ ಅಂದಿದ್ದರೆ ಬಾಗಿಲು ತೆರೆಯುತ್ತಿತ್ತು. ಬಾಗಿಲು ತೆರೆದರೆ ಕೋಲು ಬರುತ್ತಿತ್ತು. ನಾನು ಹೋಗದಿದ್ದರೆ ಅಳತೆ ಇಲ್ಲ, ಅಳತೆ ಇಲ್ಲದಿದ್ದರೆ ತಪ್ಪಿಹೋಗಿದೆ ಅಂತ ಯಾರೂ ಅವಳಿಗೆ ಹೇಳುವ ಹಾಗಿಲ್ಲ. ಹೀಗೆ ಲೆಕ್ಕ ಹಾಕಿಕೊಂಡು ಕಂಬದ ಹಿಂದಿನಿಂದಲೇ ತಿರುಗಿದೆ. ಒಳ್ಳೆಯದಕ್ಕೇ ತಿರುಗಿದೆ ಅಂತ ಸ್ವಲ್ಪ ದೂರ ನಂಬಿಕೊಂಡೂ ನಡೆದೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ. ಏಳು ಸಲ ಹತ್ತಿದವನು ನಾನು. ಏನೂ ಸಿಗಲಿಲ್ಲ.

ಅವಳು ಇನ್ನೂ ಅಲ್ಲೇ ನನ್ನ ಜಾಗ ನೋಡಿಕೊಂಡು ನಿಂತಿರಬೇಕು. ಮಗಳನ್ನ ತೊಟ್ಟಿಲು ಹತ್ತಿಸಿದ್ದು ನಾನು, ಇಲ್ಲಿ ಕೂತು, ನಿಮ್ಮೆದುರಿಗೆ.